ಬಸ್ಸಾರಿನ ಬೇಳೆ ಎಲ್ಲಿ ಹೋಯಿತು?

ತೊಗರಿಬೇಳೆಯನ್ನೂ ದಂಟಿನ ಸೊಪ್ಪನ್ನೂ ಒಟ್ಟಿಗೆ ಬೇಯಿಸುತ್ತಾರೆ. ನೀರು ಬಸಿಯುತ್ತಾರೆ. ಬಸಿದ ಆ ನೀರಿಗೆ, ಅಂದರೆ ಕಟ್ಟಿಗೆ, ಹುರಿದು ರುಬ್ಬಿದ ಖಾರ, ಹುಣಸೆಹುಳಿ ಸೇರಿಸಿ ಕುದಿಸಿದರೆ ಸಾರು. ಉಳಿದ ಬೇಳೆ-ಸೊಪ್ಪಿಗೆ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ. ಒಂದೇ ಪಾತ್ರೆಯಿಂದ ಎರಡು ಅಡುಗೆ. ಹಳೇ ಮೈಸೂರು ಸೀಮೆಯ ಮನೆಗಳಿಗೆ ಇದನ್ನು ವಿವರಿಸಬೇಕಿಲ್ಲ. ಆದರೆ ಆ ಮನೆಯ ಎಂಟು ವರ್ಷದ ಹುಡುಗಿ ನಿನ್ನೆ ಎಷ್ಟು ಪ್ರೋಟೀನ್ ತಿಂದಳು ಎಂದು ಲೆಕ್ಕ ಹಾಕಲು ಹೊರಟವರು ಹೆಚ್ಚಾಗಿ ಎಡವುವುದು ಇಲ್ಲೇ.

ಹುಡುಗಿ ಅನ್ನಕ್ಕೆ ಒಂದು ಲೋಟದಷ್ಟು ಸಾರು ಹಾಕಿಸಿಕೊಂಡು ಉಂಡಿದ್ದಾಳೆ. ಪಲ್ಯ ಬೇಡ ಅಂದಿದ್ದಾಳೆ. ಬರೆಯುವವರು ಹಾಳೆಯಲ್ಲಿ 'ಬೇಳೆಸಾರು, 200 ಮಿಲಿ' ಅಂತ ಬರೆದರು. ಪಾತ್ರೆಗೆ ಬಿದ್ದ ಬೇಳೆ 200 ಗ್ರಾಂ, ಆದ ಸಾರು 1200 ಮಿಲಿ. ಬೇಳೆಯೆಲ್ಲ ಸಾರಿನಲ್ಲಿದೆ ಅಂದುಕೊಂಡರೆ ಆ 200 ಮಿಲಿಯಲ್ಲಿ 33 ಗ್ರಾಂ ಬೇಳೆ, ಅಂದರೆ ಸುಮಾರು 7 ಗ್ರಾಂ ಪ್ರೋಟೀನ್. ನಿಜದಲ್ಲಿ ಬೇಳೆಯ ಹೆಚ್ಚು ಪಾಲು ಪಲ್ಯಕ್ಕೆ ಹೋಗಿದೆ. ಖಾರದ ಜೊತೆ ರುಬ್ಬಲು ತೆಗೆದುಕೊಂಡಿದ್ದು, ಕರಗಿ ಕಟ್ಟಿಗೆ ಇಳಿದಿದ್ದು ಎರಡೂ ಸೇರಿ ಕಾಲು ಭಾಗ ಅಂತಿಟ್ಟುಕೊಳ್ಳೋಣ. ಆಗ ಅವಳ ಪಾಲಿನ ಸಾರಿನಲ್ಲಿರುವುದು 8 ಗ್ರಾಂ ಬೇಳೆ, 2 ಗ್ರಾಂ ಪ್ರೋಟೀನೂ ಇಲ್ಲ. ಉಳಿದ 150 ಗ್ರಾಂ ಬೇಳೆ 600 ಗ್ರಾಂ ಪಲ್ಯದಲ್ಲಿದೆ. ಅದರಲ್ಲಿ 100 ಗ್ರಾಂ ಬಡಿಸಿಕೊಂಡ ಅಪ್ಪನಿಗೆ 25 ಗ್ರಾಂ ಬೇಳೆ, 5 ಗ್ರಾಂಗೆ ಮೇಲ್ಪಟ್ಟು ಪ್ರೋಟೀನ್ ಸಿಕ್ಕಿತು. ಹಾಳೆಯ ಪ್ರಕಾರ ಮಗಳ ಊಟ ಚೆನ್ನಾಗಿದೆ; ಪಾತ್ರೆಯ ಪ್ರಕಾರ ಹಾಗಿಲ್ಲ.

ಇನ್ನೊಂದು ಸೂಕ್ಷ್ಮವೂ ಇದೆ. ಬೇಳೆ ಅರೆಬೆಂದಿರುವಾಗ ಬಸಿದರೆ ಕಟ್ಟು ತಿಳಿಯಾಗಿರುತ್ತದೆ, ಕುಕ್ಕರಿನಲ್ಲಿ ಕರಗುವಷ್ಟು ಬೆಂದರೆ ಕಟ್ಟೇ ಗಟ್ಟಿಯಾಗಿ ಪಲ್ಯಕ್ಕೆ ಸಾರ ಕಡಿಮೆಯಾಗುತ್ತದೆ. ನೀರಿನಲ್ಲಿ ಕರಗುವ ಬಿ ಗುಂಪಿನ ವಿಟಮಿನ್ನುಗಳು, ಪೊಟ್ಯಾಸಿಯಂ ಮಾತ್ರ ಎರಡೂ ಸಂದರ್ಭದಲ್ಲಿ ಕಟ್ಟಿಗೇ ಇಳಿಯುತ್ತವೆ. ಬಸಿದ ನೀರನ್ನು ಚೆಲ್ಲದೆ ಸಾರು ಮಾಡುವ ಈ ಪದ್ಧತಿ ಪೋಷಣೆಯ ದೃಷ್ಟಿಯಿಂದ ನಿಜಕ್ಕೂ ಜಾಣತನದ್ದು. ಲೆಕ್ಕ ಬರೆಯುವವರು ಕೇಳಬೇಕಾದ್ದು ಇಷ್ಟೇ: 'ಬೇಳೆ ಬಸಿದ್ರಾ, ಮಸೆದ್ರಾ?' ಮಸೆದರೆ ಅದು ಮಸ್ಸೊಪ್ಪು, ಬೇಳೆಯೆಲ್ಲ ಒಂದೇ ಪಾತ್ರೆಯಲ್ಲಿದೆ. ಬಸಿದರೆ ಎರಡು ಪಾತ್ರೆಯನ್ನೂ ಬೇರೆ ಬೇರೆ ಅಳೆಯಬೇಕು. ಉಪ್ಪೆಸರಿಗೂ ಇದೇ ಮಾತು.

ಆಹಾರ ಸೇವನೆಯ ಅಂದಾಜು ಅಂದರೆ ಮೂಲದಲ್ಲಿ ಇದೇ ಕೆಲಸ. ಹಸಿ ಪದಾರ್ಥ ಎಷ್ಟು ಬಿತ್ತು, ಬೆಂದ ಮೇಲೆ ಒಟ್ಟು ಎಷ್ಟಾಯಿತು, ಅದರಲ್ಲಿ ಈ ಒಬ್ಬರು ಎಷ್ಟು ಉಂಡರು. ಸೂತ್ರ ಒಂದೇ ಸಾಲಿನದು: ಹಸಿ ತೂಕವನ್ನು ಬೆಂದ ಒಟ್ಟು ತೂಕದಿಂದ ಭಾಗಿಸಿ, ಉಂಡ ತೂಕದಿಂದ ಗುಣಿಸಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಆಶ್ರಯದಲ್ಲಿ 1972ರಲ್ಲಿ ಆರಂಭವಾದ ರಾಷ್ಟ್ರೀಯ ಪೋಷಣಾ ನಿಗಾ ಮಂಡಳಿಯ ತಂಡಗಳು ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳ ಹಳ್ಳಿಗಳಲ್ಲಿ ಅಳತೆಯ ಬಟ್ಟಲುಗಳ ಗೊಂಚಲು ಹಿಡಿದು ಮಾಡಿದ್ದು ಇದನ್ನೇ. ಉಪಾಯ ಹಳೆಯದು, ಸರಳ. ಫೋನಿನ ಆ್ಯಪುಗಳು ಮಾತ್ರ ಅದನ್ನು ಕೈಬಿಟ್ಟು 'ಒಂದು ಬಟ್ಟಲು ದಾಲ್' ಎಂಬ ಸಿದ್ಧ ಅಂಕಿ ಕೊಡುತ್ತವೆ. ಆ ಬಟ್ಟಲು ಯಾರ ಮನೆಯದು, ಆ ದಾಲಿನಲ್ಲಿ ನೀರೆಷ್ಟು ಎಂದು ಕೇಳುವವರಿಲ್ಲ.

ಮುದ್ದೆಯ ಲೆಕ್ಕ ನೋಡೋಣ. 600 ಗ್ರಾಂ ರಾಗಿಹಿಟ್ಟಿಗೆ ಎಸರಿಟ್ಟು ತೊಳಸಿ, ಕಟ್ಟಿದ ಮುದ್ದೆಗಳೆಲ್ಲ ಸೇರಿ 2000 ಗ್ರಾಂ ತೂಗಿದವು ಎನ್ನಿ. 350 ಗ್ರಾಂ ತೂಗುವ ಒಂದು ಮುದ್ದೆಯಲ್ಲಿ ಹಿಟ್ಟು 105 ಗ್ರಾಂ. 2017ರಲ್ಲಿ ಪೋಷಣಾ ಸಂಸ್ಥೆ ಪ್ರಕಟಿಸಿದ ಭಾರತೀಯ ಆಹಾರ ಸಂಯೋಜನೆಯ ಪಟ್ಟಿಯಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 320 ಕಿಲೋಕ್ಯಾಲರಿ, 7.2 ಗ್ರಾಂ ಪ್ರೋಟೀನ್, 364 ಮಿಲಿಗ್ರಾಂ ಕ್ಯಾಲ್ಸಿಯಂ, 4.6 ಮಿಲಿಗ್ರಾಂ ಕಬ್ಬಿಣ ಇದೆ. ಹಾಗಾಗಿ ಆ ಮುದ್ದೆಯಿಂದ ಬಂದದ್ದು 336 ಕಿಲೋಕ್ಯಾಲರಿ, 7.5 ಗ್ರಾಂ ಪ್ರೋಟೀನ್, 382 ಮಿಲಿಗ್ರಾಂ ಕ್ಯಾಲ್ಸಿಯಂ. ಅದೇ 350 ಗ್ರಾಮನ್ನು ಯಾರಾದರೂ ಹಿಟ್ಟಿನ ತೂಕ ಎಂದು ಪಟ್ಟಿಗೆ ಹಾಕಿದರೆ ಒಂದೇ ಮುದ್ದೆ 1120 ಕಿಲೋಕ್ಯಾಲರಿ ಆಗಿಬಿಡುತ್ತದೆ. ನಗು ಬರುವಂಥ ತಪ್ಪು ಅನ್ನಿಸಬಹುದು, ಆದರೆ ಅನ್ನದ ವಿಷಯದಲ್ಲಿ ಇದು ದಿನವೂ ನಡೆಯುತ್ತದೆ. 250 ಗ್ರಾಂ ಅಕ್ಕಿ ಬೆಂದು 700 ಗ್ರಾಂ ಅನ್ನವಾದರೆ, 200 ಗ್ರಾಂ ಅನ್ನದಲ್ಲಿರುವುದು 71 ಗ್ರಾಂ ಅಕ್ಕಿ, ಸುಮಾರು 250 ಕಿಲೋಕ್ಯಾಲರಿ. ಬೆಂದದ್ದನ್ನು ಹಸಿಯದೆಂದು ಬರೆದರೆ 710. ಪಟ್ಟಿಯಲ್ಲಿರುವ ಧಾನ್ಯ, ಬೇಳೆ, ಸೊಪ್ಪಿನ ಅಂಕಿಗಳು ಹಸಿ ಪದಾರ್ಥದವು ಎಂಬುದನ್ನು ಹಾಳೆಯ ತಲೆಯ ಮೇಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಅದೇ ಪಟ್ಟಿಯಲ್ಲಿ ಇನ್ನೊಂದು ಗುಂಡಿ ಇದೆ. ಶಕ್ತಿಯ ಅಂಕಿಗಳು ಅಲ್ಲಿ ಕಿಲೋಜೂಲ್‌ನಲ್ಲಿವೆ. ರಾಗಿಯ ಎದುರು 1342 ಅಂತ ಕಂಡು ಗಾಬರಿಯಾಗಬೇಡಿ. 4.184ರಿಂದ ಭಾಗಿಸಿದರೆ ಕಿಲೋಕ್ಯಾಲರಿ ಸಿಗುತ್ತದೆ. ಅಂಕಿಗಳೆಲ್ಲ ತಿನ್ನುವ ಭಾಗದ 100 ಗ್ರಾಂಗೆ ಸಂಬಂಧಿಸಿದವು. ನುಗ್ಗೆಕಾಯಿಯ ನಾರು, ಮಾವಿನ ಓಟೆ, ಕೋಳಿಸಾರಿನ ಮೂಳೆ, ಸೊಪ್ಪಿನ ಬಲಿತ ದಂಟು ಇವನ್ನೆಲ್ಲ ಕಳೆದ ಮೇಲಿನ ತೂಕವೇ ಬೇಕು. ಸೊಪ್ಪನ್ನು ಬಿಡಿಸಿದ ಮೇಲೆ, ತೊಳೆಯುವ ಮುಂಚೆ ತೂಗಿ. ತೊಳೆದ ಸೊಪ್ಪು ಹೊತ್ತಿರುವ ನೀರು ಕಡಿಮೆಯೇನಲ್ಲ.

ಇಷ್ಟಕ್ಕೆಲ್ಲ ಬೇಕಾದ ಸಾಮಾನು ಹೆಚ್ಚಿಲ್ಲ. 5 ಕಿಲೋವರೆಗೆ 1 ಗ್ರಾಂ ವ್ಯತ್ಯಾಸ ತೋರಿಸುವ ಅಡುಗೆಮನೆ ತಕ್ಕಡಿ, ಗೆರೆ ಇರುವ ಒಂದು ಲೀಟರಿನ ಜಗ್ಗು, 5 ಮತ್ತು 15 ಮಿಲಿಯ ಅಳತೆ ಚಮಚ. ಅಡುಗೆ ಶುರುವಾಗುವ ಮೊದಲೇ ಖಾಲಿ ಪಾತ್ರೆಯನ್ನು ತೂಗಿ ಬರೆದಿಟ್ಟುಕೊಳ್ಳಿ. ಸಾರು ಕುದಿಯಲು ಇಟ್ಟ ಮೇಲೆ 'ಅಯ್ಯೋ, ಪಾತ್ರೆ ತೂಕ ಎಷ್ಟಿತ್ತು' ಅನ್ನುವುದು ಹೊಸಬರೆಲ್ಲ ಮಾಡುವ ತಪ್ಪು. ಆ ಮನೆಯ ಸೌಟು, ಲೋಟ, ಬಟ್ಟಲಿಗೆ ನೀರು ತುಂಬಿ ತಕ್ಕಡಿಯ ಮೇಲಿಟ್ಟರೆ ಎಷ್ಟು ಗ್ರಾಂ ನೀರೋ ಅಷ್ಟು ಮಿಲಿ. ಲೋಟವನ್ನು ಅಂಚಿನವರೆಗೆ ತುಂಬಬೇಡಿ, ಅವರು ಕುಡಿಯುವಷ್ಟು ಮಟ್ಟಕ್ಕೆ ತುಂಬಿ. ಪಾವು, ಅಚ್ಚೇರು, ಸೇರು ಇನ್ನೂ ಬಳಕೆಯಲ್ಲಿರುವ ಮನೆಗಳುಂಟು. ಅವು ಗಾತ್ರದ ಅಳತೆಗಳು, ತಲೆಕಟ್ಟಿ ಅಳೆಯುತ್ತಾರೋ ಗೀಸಿ ಅಳೆಯುತ್ತಾರೋ ಎಂಬುದರ ಮೇಲೂ ವ್ಯತ್ಯಾಸ. ಪಾವಿಗೆ ಇಷ್ಟು ಗ್ರಾಂ ಎಂದು ಪುಸ್ತಕದಿಂದ ತರಬೇಡಿ. ಅವರ ಪಾವಿನಲ್ಲಿ ಅವರ ಅಕ್ಕಿಯನ್ನೇ ಅವರ ಕೈಯಿಂದಲೇ ಅಳೆಸಿ ತೂಗಿ.

ರೊಟ್ಟಿಯ ಸೀಮೆಗೆ ಹೋದರೆ ತೂಕವೇ ಮೋಸ ಮಾಡುತ್ತದೆ. ಬಿಸಿ ಜೋಳದ ರೊಟ್ಟಿಯೊಳಗೆ ನೀರಿದೆ. ಅದೇ ರೊಟ್ಟಿಯನ್ನು ಒಣಗಿಸಿ ಖಡಕ್ ಮಾಡಿದರೆ ತೂಕ ಇಳಿಯುತ್ತದೆ, ಹಿಟ್ಟು ಅಷ್ಟೇ ಉಳಿಯುತ್ತದೆ. ಹಾಗಾಗಿ ಅಲ್ಲಿ 'ಒಂದು ಕಿಲೋ ಹಿಟ್ಟಿಗೆ ಎಷ್ಟು ರೊಟ್ಟಿ ಬಡೀತೀರಿ, ಅಕ್ಕಾ?' ಎಂಬುದೇ ಸರಿಯಾದ ಪ್ರಶ್ನೆ. 16 ಅಂದರೆ ರೊಟ್ಟಿಗೆ 62 ಗ್ರಾಂ ಹಿಟ್ಟು, ಹಚ್ಚಿ ಉದುರಿಸುವ ಒಣಹಿಟ್ಟು ಅದರಲ್ಲೇ ಸೇರಿತು. ಖಡಕ್ ರೊಟ್ಟಿಯನ್ನು ತೂಗಿ ಬಿಸಿರೊಟ್ಟಿಯ ಅಂಕಿಗೆ ಹಾಕಿದರೆ ಉಂಡದ್ದು ಅನ್ಯಾಯವಾಗಿ ಕಡಿಮೆ ಕಾಣುತ್ತದೆ.

ನಿನ್ನೆಯ ದಿನವನ್ನು ಕೇಳುವ ಬಗೆ

ಅಡುಗೆಮನೆಯಲ್ಲಿ ಕೂತು ತೂಗಲು ಎಲ್ಲ ದಿನವೂ ಆಗುವುದಿಲ್ಲ. ಹೆಚ್ಚಿನ ಕಡೆ ಮಾಡುವುದು 24 ಗಂಟೆ ರೀಕಾಲ್, ಅಂದರೆ ನಿನ್ನೆ ಬೆಳಗ್ಗೆ ಎದ್ದಾಗಿನಿಂದ ಇವತ್ತು ಬೆಳಗ್ಗೆ ಏಳುವವರೆಗೆ ಬಾಯಿಗೆ ಹೋದದ್ದೆಲ್ಲವನ್ನೂ ನೆನಪಿಸಿಕೊಳ್ಳುವುದು. ಅಮೆರಿಕದ ಕೃಷಿ ಇಲಾಖೆಯವರು ಇದನ್ನು ಐದು ಸುತ್ತಿನಲ್ಲಿ ಕೇಳುವ ಕ್ರಮ ರೂಪಿಸಿದ್ದಾರೆ. ನಮ್ಮ ಊಟಕ್ಕೂ ಅದು ಹೊಂದುತ್ತದೆ, ಪ್ರಶ್ನೆಗಳು ಮಾತ್ರ ನಮ್ಮವಾಗಿರಬೇಕು.

ಮೊದಲ ಸುತ್ತಿನಲ್ಲಿ ಅಡ್ಡ ಮಾತಾಡದೆ ಕೇಳಿಸಿಕೊಳ್ಳಿ. 'ಅಮ್ಮಾ, ನಿನ್ನೆ ಎದ್ದಮೇಲೆ ಮೊದಲು ಬಾಯಿಗೆ ಹೋಗಿದ್ದೇನು? ಆಮೇಲೆ?' ಎಂದಷ್ಟೇ. 'ತಿಂಡಿ ಏನು ತಿಂದ್ರಿ' ಎಂದು ಶುರು ಮಾಡಿದರೆ ತಿಂಡಿಗೆ ಮುಂಚಿನ ಎರಡು ಲೋಟ ಕಾಫಿ ಬಿಟ್ಟುಹೋಗುತ್ತದೆ. ಎಷ್ಟೋ ಮನೆಗಳಲ್ಲಿ ರಾತ್ರಿಯ ತಂಗಳನ್ನಕ್ಕೆ ಮಜ್ಜಿಗೆ ಕಲಸಿಕೊಂಡು ತಿಂದದ್ದು 'ತಿಂಡಿ' ಎಂಬ ಪದದೊಳಗೆ ಬರುವುದೇ ಇಲ್ಲ.

ಎರಡನೇ ಸುತ್ತು ಮರೆತದ್ದಕ್ಕೆ. ಕಾಫಿ-ಟೀ, ಬಿಸ್ಕತ್ತು, ಬೇಕರಿಯ ಬನ್ನು, ಊಟದ ಕೊನೆಯ ಮಜ್ಜಿಗೆ, ಉಪ್ಪಿನಕಾಯಿ, ಚಟ್ನಿಪುಡಿ, ಹಪ್ಪಳ, ದೇವಸ್ಥಾನದ ಪ್ರಸಾದ, ಮಗು ತಟ್ಟೆಯಲ್ಲಿ ಬಿಟ್ಟದ್ದನ್ನು ತಾಯಿ ತಿಂದದ್ದು, ಅಡುಗೆ ಮಾಡುವಾಗ ಬಾಯಿಗೆ ಹಾಕಿಕೊಂಡ ಕೊಬ್ಬರಿ ಚೂರು. ಇವೆಲ್ಲ ಸಣ್ಣವಲ್ಲ. ಶೇಂಗಾ ಚಟ್ನಿಪುಡಿ ಎರಡು ಚಮಚದಲ್ಲಿ 15 ಗ್ರಾಂ ಶೇಂಗಾ ಇದ್ದರೂ 80 ಕಿಲೋಕ್ಯಾಲರಿ. 50 ಮಿಲಿ ಹಾಲು, 10 ಗ್ರಾಂ ಸಕ್ಕರೆಯ ಒಂದು ಕಾಫಿ 70ರಿಂದ 80 ಕಿಲೋಕ್ಯಾಲರಿ, ದಿನಕ್ಕೆ ನಾಲ್ಕಾದರೆ ಒಂದು ಮುದ್ದೆಯ ಹತ್ತಿರ ಬಂತು. ಎಲೆ-ಅಡಿಕೆ ಹಾಕುವವರಾದರೆ ಅದನ್ನೂ ಬರೆಯಿರಿ, ಸುಣ್ಣವೂ ಕ್ಯಾಲ್ಸಿಯಂ ತಾನೇ. ಕುಡಿತದ ಪ್ರಶ್ನೆಯನ್ನು ಮನೆಯವರ ಎದುರು ಕೇಳಬೇಡಿ, ಆದರೆ ಕೇಳದೆಯೂ ಬಿಡಬೇಡಿ. ಮದ್ಯಸಾರದ ಒಂದು ಗ್ರಾಂಗೆ 7 ಕಿಲೋಕ್ಯಾಲರಿ ಇದೆ.

ಮೂರನೇ ಸುತ್ತಿನಲ್ಲಿ ಹೊತ್ತು ಮತ್ತು ಜಾಗ. ಗಡಿಯಾರದ ಸಮಯಕ್ಕಿಂತ ಕೆಲಸದ ಹೊತ್ತು ಹಿಡಿದು ಕೇಳಿದರೆ ನೆನಪು ಬೇಗ ಬರುತ್ತದೆ: ಹಾಲು ಕರೆದ ಮೇಲೆ, ಮಕ್ಕಳು ಶಾಲೆಗೆ ಹೋದ ಮೇಲೆ, ಗದ್ದೆಯಿಂದ ಬಂದಮೇಲೆ, ಧಾರಾವಾಹಿ ನೋಡುವಾಗ. ನಾಲ್ಕನೆಯದು ವಿವರದ ಸುತ್ತು. ಎಷ್ಟು ಸೌಟು, ಯಾವ ಬಟ್ಟಲು, ಮತ್ತೆ ಹಾಕಿಸಿಕೊಂಡರಾ, ತಟ್ಟೆಯಲ್ಲಿ ಬಿಟ್ಟರಾ, ಅನ್ನದ ಮೇಲೆ ತುಪ್ಪ ಬಿತ್ತಾ. ಹಾಲು ಯಾವುದು ಎಂದೂ ಕೇಳಿ. ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇ 3, ಸ್ಟ್ಯಾಂಡರ್ಡೈಸ್ಡ್‌ನಲ್ಲಿ 4.5, ಫುಲ್ ಕ್ರೀಮಿನಲ್ಲಿ 6. ಮನೆಯ ಎಮ್ಮೆಹಾಲಾದರೆ ಅದಕ್ಕೂ ಮೇಲಿರಬಹುದು. ನೀರು ಬೆರೆಸಿದರೋ ಎಂಬುದು ಮುಂದಿನ ಪ್ರಶ್ನೆ. ಕೊನೆಯ ಸುತ್ತಿನಲ್ಲಿ ಬರೆದದ್ದನ್ನೆಲ್ಲ ಓದಿಹೇಳಿ. ಓದುತ್ತಿದ್ದಂತೆ 'ಓ, ಸಂಜೆ ಪಕ್ಕದ ಮನೆಯವರು ಕಜ್ಜಾಯ ಕೊಟ್ಟಿದ್ರು' ಅನ್ನುವ ಮಾತು ಬರುತ್ತದೆ.

ಕೇಳುವ ದನಿ ಇಲ್ಲಿ ತಕ್ಕಡಿಯಷ್ಟೇ ಮುಖ್ಯ. 'ದಿನಾ ಹಾಲು ಕುಡೀತೀರಾ?' ಎಂದರೆ 'ಹೂಂ' ಎಂಬ ಉತ್ತರ ಗ್ಯಾರಂಟಿ. 'ಸೊಪ್ಪು ತಿನ್ನಲ್ವಾ?' ಎಂದರೆ ಅವರು ತಪ್ಪಿತಸ್ಥರಂತೆ ಕುಗ್ಗುತ್ತಾರೆ. ಹೊಸದಾಗಿ ಮದುವೆಯಾಗಿ ಬಂದ ಸೊಸೆಯನ್ನು ಅತ್ತೆಯ ಎದುರು ಕೂರಿಸಿಕೊಂಡು ನಿನ್ನೆ ನೀನೇನು ತಿಂದೆಯಮ್ಮ ಎಂದರೆ ಮನೆಯ ಮಾನಕ್ಕೆ ತಕ್ಕ ಉತ್ತರ ಬರುತ್ತದೆ, ತಟ್ಟೆಗೆ ಬಿದ್ದದ್ದರ ಉತ್ತರ ಬರುವುದಿಲ್ಲ. ಸೊಸೆಯ ಜೊತೆ ಒಲೆಯ ಹತ್ತಿರ, ಪಾತ್ರೆ ತೋರಿಸುತ್ತ ಮಾತಾಡಿ. ಎಲ್ಲರ ಊಟವಾದ ಮೇಲೆ ಉಣ್ಣುವವರು ಪಲ್ಯ ಮುಗಿದ ಪಾತ್ರೆಯ ಮುಂದೆ ಕೂತಿರುತ್ತಾರೆ ಎಂಬುದನ್ನು ಮರೆಯಬಾರದು. ಇಂಥ ಮಾತುಕತೆಗೆ ಅರ್ಧದಿಂದ ಮುಕ್ಕಾಲು ಗಂಟೆ ಬೇಕೇಬೇಕು. ಹತ್ತು ನಿಮಿಷದಲ್ಲಿ ಮುಗಿಸಿದ ಹಾಳೆಯನ್ನು ನಂಬುವುದು ಕಷ್ಟ.

ಸಣ್ಣ ಮಕ್ಕಳಿಗೆ ನೆನಪೂ ಅಳತೆಯೂ ಎಟುಕುವುದಿಲ್ಲ, ಅಮ್ಮನನ್ನೋ ಅಜ್ಜಿಯನ್ನೋ ಕೇಳಬೇಕು. ಆದರೆ ಶಾಲೆಯಲ್ಲಿ ಉಂಡದ್ದು ಅವರಿಗೂ ಗೊತ್ತಿರುವುದಿಲ್ಲ. ಬಿಸಿಯೂಟದ ನಿಗದಿ ಪ್ರಾಥಮಿಕ ತರಗತಿಯ ಮಗುವಿಗೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ; ಹಿರಿಯ ಪ್ರಾಥಮಿಕಕ್ಕೆ 150, 30, 75 ಮತ್ತು 7.5 ಗ್ರಾಂ. 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲು ಬೇರೆ: 18 ಗ್ರಾಂ ಹಾಲಿನ ಪುಡಿಯಿಂದ 150 ಮಿಲಿ. ಇವು ನಿಗದಿಯ ಅಂಕಿಗಳು, ಆ ಮಗು ಉಂಡ ಅಂಕಿಗಳಲ್ಲ. ಬಡಿಸಿದ್ದೆಷ್ಟು, ಬಿಟ್ಟದ್ದೆಷ್ಟು ಎಂದು ಶಾಲೆಯಲ್ಲೇ ಒಂದು ದಿನ ನೋಡದೆ ನಿಗದಿಯನ್ನೇ ಹಾಳೆಗೆ ಇಳಿಸುವುದು ಸರಿಯಲ್ಲ.

ಎಣ್ಣೆ, ಉಪ್ಪು, ಸಕ್ಕರೆಗೆ ರೀಕಾಲ್ ಕೆಲಸಕ್ಕೆ ಬರುವುದಿಲ್ಲ. 'ಒಗ್ಗರಣೆಗೆ ಸ್ವಲ್ಪ' ಎಂಬ ಸ್ವಲ್ಪಕ್ಕೆ ಅಳತೆಯಿಲ್ಲ. ಇವಕ್ಕೆ ಪ್ಯಾಕೆಟ್ಟಿನ ಲೆಕ್ಕವೇ ವಾಸಿ. ಪ್ಯಾಕೆಟ್ಟು ಒಡೆದ ತಾರೀಖನ್ನು ಅದರ ಮೇಲೇ ಬರೆಯಲು ಹೇಳಿ. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ 3 ಲೀಟರ್ ಎಣ್ಣೆ ಖರ್ಚಾದರೆ, ಲೀಟರಿಗೆ 920 ಗ್ರಾಂ ಲೆಕ್ಕದಲ್ಲಿ ದಿನಕ್ಕೆ ತಲೆಗೆ 23 ಗ್ರಾಂ, ಅಂದರೆ 207 ಕಿಲೋಕ್ಯಾಲರಿ. ಒಂದು ಕಿಲೋ ಉಪ್ಪು 25 ದಿನಕ್ಕೆ ಮುಗಿದರೆ ತಲೆಗೆ 10 ಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ ಹೇಳುವ 5 ಗ್ರಾಂನ ಮಿತಿಯ ಎರಡರಷ್ಟು. ದೀಪಕ್ಕೆ, ತಲೆಗೆ ಹೋದ ಎಣ್ಣೆ, ಉಪ್ಪಿನಕಾಯಿಗೆ ಸುರಿದ ಉಪ್ಪು, ಅನ್ನ ಬಸಿದ ನೀರಿನಲ್ಲಿ ಹೋದದ್ದು, ಆ ತಿಂಗಳು ಬಂದುಹೋದ ನೆಂಟರು ಇವನ್ನು ಕಳೆಯಬೇಕು. ಬೋಂಡ ಕರಿದ ದಿನ ಬಾಣಲೆಗೆ ಸುರಿದ ಎಣ್ಣೆಯಲ್ಲಿ ಉಳಿದದ್ದನ್ನು ತೂಗಿ ಕಳೆದರೆ ಹೀರಿದ್ದು ತಿಳಿಯುತ್ತದೆ. ಉಪ್ಪಿನ ವಿಷಯದಲ್ಲಿ ಖಚಿತ ಅಂಕಿಯೇ ಬೇಕೆಂದರೆ 24 ಗಂಟೆಯ ಮೂತ್ರ ಸಂಗ್ರಹಿಸಿ ಸೋಡಿಯಂ ಅಳೆಯುವುದೊಂದೇ ನಂಬಬಹುದಾದ ದಾರಿ.

ಒಂದು ದಿನದ ಹಾಳೆ ಒಬ್ಬರ ಬದುಕಿನ ಊಟವನ್ನು ಹೇಳುವುದಿಲ್ಲ. ಸಾವಿರ ಜನರನ್ನು ಒಂದೊಂದು ದಿನ ಕೇಳಿದರೆ ಆ ಊರಿನ ಸರಾಸರಿ ಸಿಗುತ್ತದೆ, ಒಬ್ಬರ ವಾಡಿಕೆ ತಿಳಿಯಲು ಹಲವು ದಿನ ಬೇಕು. ಕನಿಷ್ಠ ಮೂರು ದಿನ, ಒಂದರ ಬೆನ್ನಿಗೆ ಒಂದು ಬರದಂತೆ, ಅದರಲ್ಲೊಂದು ಭಾನುವಾರ. ಶನಿವಾರದ ಒಪ್ಪೊತ್ತು, ಸಂಕಷ್ಟಿ, ಏಕಾದಶಿ, ಹಬ್ಬ, ಬಾಡೂಟ ಇವನ್ನು 'ಅಸಾಮಾನ್ಯ ದಿನ' ಎಂದು ಕಿತ್ತುಹಾಕುವವರಿದ್ದಾರೆ. ತಿಂಗಳಲ್ಲಿ ಆರೇಳು ದಿನ ಒಪ್ಪೊತ್ತು ಇರುವವರಿಗೆ ಅದೇ ವಾಡಿಕೆ. ಶಕ್ತಿಯಂಥ ದಿನವೂ ಬಹುತೇಕ ಒಂದೇ ಮಟ್ಟದಲ್ಲಿರುವ ಅಂಶಕ್ಕೆ ಕೆಲವು ದಿನಗಳು ಸಾಕಾದರೂ, ವಿಟಮಿನ್ ಎ ಹಾಗಲ್ಲ. ಒಂದು ದಿನ ನುಗ್ಗೆಸೊಪ್ಪು, ಆಮೇಲೆ ಹತ್ತು ದಿನ ಏನೂ ಇಲ್ಲ. ಒಬ್ಬರ ವಾಡಿಕೆ ಹಿಡಿಯಲು ನೂರಾರು ದಿನ ಬೇಕಾಗುತ್ತದೆ. ಅಂಥ ಕಡೆ 'ತಿಂಗಳಲ್ಲಿ ಎಷ್ಟು ಸಲ' ಎಂಬ ಪಟ್ಟಿಪ್ರಶ್ನೆ ಜೊತೆಗಿರಲಿ. ಪಟ್ಟಿ ಮಾತ್ರ ಆ ಊರಿನದಾಗಬೇಕು. ಕರಾವಳಿಗೆ ಮೀನು, ಮರುವಾಯಿ (ಚಿಪ್ಪುಮೀನು), ಕೆಸುವಿನೆಲೆ ಇಲ್ಲದ ಪಟ್ಟಿ ಒಯ್ಯಬಾರದು, ಬೆಂಗಳೂರು ಸುತ್ತಿನಲ್ಲಿ ಅವರೆಕಾಯಿ ಕಾಲದಲ್ಲಿ ಕೇಳಿದ್ದನ್ನು ವರ್ಷಕ್ಕೆಲ್ಲ ಹಬ್ಬಿಸಬಾರದು. ಉದ್ದದ ಪಟ್ಟಿಗೆ ಇನ್ನೊಂದು ರೋಗವಿದೆ. ಮೂವತ್ತು ತರಕಾರಿಯ ಹೆಸರು ಓದುತ್ತ ಹೋದರೆ ಪ್ರತಿಯೊಂದಕ್ಕೂ 'ವಾರಕ್ಕೊಂದ್ಸಲ' ಅನ್ನುತ್ತಾರೆ, ಕೂಡಿದರೆ ದಿನಕ್ಕೆ ನಾಲ್ಕು ತರಕಾರಿ ತಿಂದಂತಾಗುತ್ತದೆ.

ಅಂಕಿ ಬಂತು, ಈಗ?

ಮೊದಲು ಅಂಕಿ ನಂಬುವಂಥದ್ದೇ ಎಂದು ನೋಡಿ. 30ರಿಂದ 60 ವರ್ಷದ ಹೆಂಗಸಿನ ತಳಮಟ್ಟದ ಚಯಾಪಚಯಕ್ಕೆ ಬೇಕಾದ ಶಕ್ತಿಗೆ ಬಳಕೆಯಲ್ಲಿರುವ ಸಮೀಕರಣ: ಕಿಲೋ ತೂಕವನ್ನು 8.126ರಿಂದ ಗುಣಿಸಿ 845.6 ಕೂಡಿ. 55 ಕಿಲೋ ಇದ್ದರೆ ಸುಮಾರು 1290 ಕಿಲೋಕ್ಯಾಲರಿ, ನಮ್ಮವರಲ್ಲಿ ತುಸು ಕಡಿಮೆ ಇರಬಹುದು. ಇಡೀ ದಿನ ಮಲಗಿದ್ದರೂ ದೇಹ ಸುಡುವುದು ಇಷ್ಟು. ಮನೆಗೆಲಸ, ಹೊಲಗೆಲಸ ಮಾಡುವ, ತೂಕ ಇಳಿಯದ ಹೆಂಗಸಿನ ಮೂರು ದಿನದ ಸರಾಸರಿ 1000 ಬಂತು ಎಂದರೆ ಏನೋ ಬಿಟ್ಟುಹೋಗಿದೆ. ಜ್ವರವಿತ್ತೇ, ಉಪವಾಸವೇ ಎಂದು ಕೇಳಿ. ಇಲ್ಲವೆಂದರೆ ಎರಡನೇ ಸುತ್ತಿಗೆ ಮರಳಿ. ಸಮಸ್ಥಾನಿಗಳಿಂದ (ಐಸೊಟೋಪ್, ಅಂದರೆ ಅದೇ ಧಾತುವಿನ ಬೇರೆ ತೂಕದ ಪರಮಾಣು) ಗುರುತಿಟ್ಟ ನೀರು ಕುಡಿಸಿ ದೇಹದ ನಿಜವಾದ ಖರ್ಚು ಅಳೆದ ಅಧ್ಯಯನಗಳಲ್ಲಿ ಜನ ತಾವು ತಿಂದದ್ದನ್ನು ಕಡಿಮೆ ಹೇಳುವುದು ಮತ್ತೆ ಮತ್ತೆ ಕಂಡಿದೆ, ದಪ್ಪಗಿರುವವರಲ್ಲಿ ಇನ್ನೂ ಹೆಚ್ಚು. ಅದು ಸುಳ್ಳು ಹೇಳುವುದಲ್ಲ. ಮರೆವು, ಅಂಜಿಕೆ ಎರಡೂ ಬೆರೆತದ್ದು.

ನಂತರ ಅಗತ್ಯದ ಜೊತೆ ಹೋಲಿಕೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಶಿಫಾರಸಿನಲ್ಲಿ ಕೂತು ಕೆಲಸ ಮಾಡುವ 65 ಕಿಲೋ ಗಂಡಸಿಗೆ 2110, ಮಧ್ಯಮ ದುಡಿಮೆಗೆ 2710, ಭಾರಿ ದುಡಿಮೆಗೆ 3470 ಕಿಲೋಕ್ಯಾಲರಿ; 55 ಕಿಲೋ ಹೆಂಗಸಿಗೆ ಕ್ರಮವಾಗಿ 1660, 2130, 2720. ಶಕ್ತಿಯಲ್ಲಿ ಇವು ಸರಾಸರಿ ಅಗತ್ಯಗಳು. ಪ್ರೋಟೀನ್, ಕಬ್ಬಿಣ, ಕ್ಯಾಲ್ಸಿಯಂಗಳಿಗೆ ಎರಡೆರಡು ಅಂಕಿಗಳಿವೆ, ಗೊಂದಲ ಹುಟ್ಟುವುದು ಅಲ್ಲಿ. ಒಂದು ಸರಾಸರಿ ಅಗತ್ಯ. ಗುಂಪಿನ ಅರ್ಧ ಜನಕ್ಕೆ ಅಷ್ಟು ಸಾಕು. ಇನ್ನೊಂದು ಶಿಫಾರಸು ಪ್ರಮಾಣ. ಸುಮಾರು ಶೇ 97ರಷ್ಟು ಜನಕ್ಕೆ ಸಾಲುವಂತೆ ಎತ್ತರಿಸಿದ್ದು. ಪ್ರೋಟೀನಿಗೆ ಮೊದಲನೆಯದು ಕಿಲೋ ದೇಹತೂಕಕ್ಕೆ 0.66 ಗ್ರಾಂ, ಎರಡನೆಯದು 0.83. ಅಂದರೆ 55 ಕಿಲೋ ಹೆಂಗಸಿಗೆ 36 ಮತ್ತು 46 ಗ್ರಾಂ. 40 ಗ್ರಾಂ ತಿನ್ನುತ್ತಿರುವವರನ್ನು 'ಪ್ರೋಟೀನ್ ಕೊರತೆ' ಎಂದು ಹೆದರಿಸುವುದು ತಪ್ಪು. ಊರಿನಲ್ಲಿ ಎಷ್ಟು ಜನಕ್ಕೆ ಸಾಲದು ಎಂದು ಎಣಿಸುವಾಗ ಸರಾಸರಿ ಅಗತ್ಯದ ಗೆರೆಯನ್ನೇ ಹಿಡಿಯಬೇಕು. ಮುಟ್ಟಾಗುವ ಹೆಂಗಸರ ಕಬ್ಬಿಣಕ್ಕೆ ಆ ಎಣಿಕೆಯೂ ಸರಿಹೊಂದುವುದಿಲ್ಲ, ರಕ್ತಸ್ರಾವ ಒಬ್ಬೊಬ್ಬರಿಗೆ ಒಂದೊಂದು ಥರ ಇರುವುದರಿಂದ ಅವರ ಅಗತ್ಯಗಳು ಒಂದೇ ಕಡೆಗೆ ವಾಲಿಕೊಂಡಿರುತ್ತವೆ.

ಕಬ್ಬಿಣದ ಬಗ್ಗೆ ಇನ್ನೊಂದು ಮಾತು ಹೇಳದಿರಲು ಆಗದು. ಹೆಂಗಸಿಗೆ ಶಿಫಾರಸು 29 ಮಿಲಿಗ್ರಾಂ. ಅಂಕಿ ಅಷ್ಟು ದೊಡ್ಡದಾಗಿರಲು ಕಾರಣ, ನಮ್ಮ ಧಾನ್ಯ-ಬೇಳೆಯ ಊಟದಿಂದ ದೇಹ ಹೀರುವುದು ಶೇ 8ರಷ್ಟೇ ಎಂದು ಹಿಡಿದಿರುವುದು. ಹಾಗಾಗಿ ಹಾಳೆಯಲ್ಲಿ 'ಏನು' ಎಂಬುದರ ಜೊತೆ 'ಯಾವುದರ ಜೊತೆ' ಎಂಬುದೂ ಇರಬೇಕು. ಮುದ್ದೆ-ಸೊಪ್ಪಿನ ಜೊತೆ ನಿಂಬೆಹಣ್ಣು ಹಿಂಡಿಕೊಂಡರೋ, ಸೀಬೆಹಣ್ಣು ತಿಂದರೋ ಹೀರುವಿಕೆ ಏರುತ್ತದೆ. ಊಟದ ಹಿಂದೆಯೇ ಕಾಫಿಯೋ ಟೀಯೋ ಕುಡಿದರೆ ಇಳಿಯುತ್ತದೆ. ಒಂದೇ 20 ಮಿಲಿಗ್ರಾಂ ಇಬ್ಬರ ಮೈಯಲ್ಲಿ ಬೇರೆ ಬೇರೆ. ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಎಂದು ತೋರಿಸುವುದು) ಪರೀಕ್ಷೆಯಿಲ್ಲದೆ ಹಾಳೆಯ ಅಂಕಿಯೊಂದನ್ನೇ ನೋಡಿ ರಕ್ತಹೀನತೆ ಇದೆ ಎಂದೋ ಇಲ್ಲ ಎಂದೋ ಹೇಳಬಾರದು. ಬಿ12 ಇನ್ನೂ ಸರಳ: ಸೊಪ್ಪು, ಬೇಳೆ, ಧಾನ್ಯಗಳಲ್ಲಿ ಅದಿಲ್ಲ. ಮೊಟ್ಟೆ-ಮಾಂಸ ತಿನ್ನದವರ ಹಾಳೆಯಲ್ಲಿ ಹಾಲು-ಮೊಸರಿನ ಮಿಲಿ ಲೆಕ್ಕವನ್ನೇ ಎರಡು ಸಲ ನೋಡಿ. ಒಂದು ಲೋಟ ನೀರುಮಜ್ಜಿಗೆಯನ್ನು ಒಂದು ಲೋಟ ಮೊಸರೆಂದು ಬರೆಯಬಾರದು.

ಮನೆಗೆಲ್ಲ ಸೇರಿ ಒಟ್ಟು ಪದಾರ್ಥ ತೂಗಿ ತಲೆಗೆ ಹಂಚುವ ಕ್ರಮವೂ ಉಂಟು. ಅಲ್ಲಿ ಎಲ್ಲರನ್ನೂ ಒಂದೇ ತಲೆ ಎಂದು ಎಣಿಸುವುದಿಲ್ಲ. ಕೂತು ಕೆಲಸ ಮಾಡುವ ಗಂಡಸು 1 ಘಟಕ, ಮಧ್ಯಮ ದುಡಿಮೆಯ ಗಂಡಸು 1.2, ಅಂಥದೇ ದುಡಿಮೆಯ ಹೆಂಗಸು 0.9, ಹದಿನಾಲ್ಕರ ಹುಡುಗ 1, ಎಂಟರ ಹುಡುಗಿ 0.7. ಬಸ್ಸಾರಿನ ಆ ಮನೆಯಲ್ಲಿ ಮಧ್ಯಮ ದುಡಿಮೆಯ ಅಪ್ಪ-ಅಮ್ಮ, ಹದಿನಾಲ್ಕರ ಮಗ, ಎಂಟರ ಮಗಳು ಸೇರಿ 3.8 ಘಟಕ. 200 ಗ್ರಾಂ ಬೇಳೆಯಲ್ಲಿ ಘಟಕಕ್ಕೆ 53 ಗ್ರಾಂ, ಹುಡುಗಿಯ ಪಾಲಿಗೆ 37 ಗ್ರಾಂ. ಮನೆಯ ಸರಾಸರಿ ನೋಡಿದರೆ ಕೊರತೆಯೇ ಇಲ್ಲ. ಆದರೆ ಪಲ್ಯ ಮುಟ್ಟದ ಅವಳಿಗೆ ಸಿಕ್ಕಿದ್ದು 8 ಗ್ರಾಂ ಎಂದು ಆಗಲೇ ನೋಡಿದೆವು. ಪಡಿತರ ಸಾಕೇ, ಊರಿಗೆ ಎಷ್ಟು ಬೇಳೆ ಬೇಕು ಎಂದು ತಿಳಿಯಲು ಮನೆಯ ಸರಾಸರಿ ಒಳ್ಳೆಯದು. ಒಂದು ಮಗುವಿನ ವಿಷಯದಲ್ಲಿ ಆ ಮಗುವಿನ ತಟ್ಟೆಯನ್ನೇ ಅಳೆಯಬೇಕು.

ಹಾಳೆ ಮಡಚುವ ಮುಂಚೆ ಒಂದು ತಾಳೆ ನೋಡಿ. ಆದ ಪಲ್ಯ 600 ಗ್ರಾಂ. ನಾಲ್ವರೂ ಹೇಳಿದ್ದನ್ನು ಕೂಡಿ: ಅಪ್ಪ 100, ಮಗ 80, ಮಗಳು ಸೊನ್ನೆ, ಅಮ್ಮ 'ಒಂಚೂರು', ಅಂದರೆ ಅಳೆದರೆ 40. ಒಟ್ಟು 220. ಉಳಿದ 380 ಗ್ರಾಂ ಎಲ್ಲಿ? ರಾತ್ರಿಗೆ ಎತ್ತಿಟ್ಟರಾ, ಪಕ್ಕದ ಮನೆಗೆ ಹೋಯಿತಾ, ಹಸುವಿನ ಕಲಗಚ್ಚಿಗೆ ಬಿತ್ತಾ, ಅಥವಾ ಪಾತ್ರೆ ಬಳಿಯುವಾಗ ಅಮ್ಮನೇ ತಿಂದರಾ? 'ಪಾತ್ರೆಯಲ್ಲಿ ಉಳಿದಿದ್ದು ಏನಾಯ್ತಮ್ಮಾ?' ಎಂದು ಕೇಳಿ, ಉತ್ತರ ಬರೆದುಕೊಂಡು, ಕೂಡಿದ ಮೊತ್ತ 600ರ ಹತ್ತಿರ ಬಂದ ಮೇಲೆಯೇ ಪ್ರೋಟೀನಿನ ಲೆಕ್ಕಕ್ಕೆ ಕೈ ಹಾಕಿ.